ನಾಲಿಗೆಗೆ ಅಂಟಿದರೆ

ನೇಮಿಶ್ರೀ ಮೇಡಂ ಕಾರ್ಕಳದವರು.
ಮೊಟ್ಟೆ ಮುಟ್ಟುವುದಿಲ್ಲ, ಗಡ್ಡೆಗೆಣಸು ತಿನ್ನುವುದಿಲ್ಲ,
ಆದರೆ ಘಯಾತಿಯ ಮರಳಲ್ಲಿ ಸಿಕ್ಕ ಆನೆಯ ಎಲುಬನ್ನು
ಹೆಕ್ಕಿ, ಊದಿ, ತೋಳಿಗೆ ಒರೆಸಿ
ತಟಕ್ಕನೆ ನಾಲಿಗೆಗೆ ತಾಗಿಸುತ್ತಾರೆ.

"ಅಂಟಿದರೆ ಎಲುಬು, ಉಮ್ಮರಬ್ಬ. ಜಾರಿದರೆ ಬರೀ ಕಲ್ಲು.
ಎಲುಬಿಗೆ ಸಾವಿರ ತೂತು, ಎಂಜಲು ಹೀರುತ್ತದೆ.
ಎಪ್ಪತ್ತು ಲಕ್ಷ ವರ್ಷದ ಬಾಯಾರಿಕೆ ಅದರದ್ದು."

ನಾನು ಅವರ ಕಾಲೇಜಿನ ಪಿಕಪ್ಪಿನ ಡ್ರೈವರು.
ಪ್ಲಾಸ್ಟರಿನ ಚೀಲ, ನೀರಿನ ಕ್ಯಾನು, ಟಾಯ್ಲೆಟ್ ಪೇಪರಿನ ಮೂಟೆ
ನನ್ನ ಸುಪರ್ದಿಗೆ. ಎಲುಬಿಗೆ ಮೊದಲು ಸುತ್ತುವುದು
ಆ ಪೇಪರನ್ನೇ, ಗಾರೆ ಆಮೇಲೆ.
ಮೇಡಂ ಪಾಠ ಮಾಡುವಾಗ ಟಯರಿನ ನೆರಳಲ್ಲಿ ಕೂತು
ನಾನೂ ಕೇಳುತ್ತೇನೆ. ನನ್ನ ಹಾಜರಿ ಕರೆಯುವುದಿಲ್ಲ, ಅಷ್ಟೆ.
ಇಂಗ್ಲಿಷು ಅರ್ಧ ತಿಳಿಯುತ್ತದೆ,
ಉಳಿದರ್ಧ ಅವರ ಕೈ ಹೇಳುತ್ತದೆ:

ಇಲ್ಲಿ ಹೊಳೆಯಿತ್ತು. ತೊರೆಯಲ್ಲ, ಹೊಳೆ,
ನೀರಾನೆ ಮುಳುಗುವಷ್ಟು.
ಆಚೆ ದಂಡೆಯಲ್ಲಿ ಮೂರು ಬೆರಳಿನ ಕುದುರೆ,
ಈಚೆ ನಾಲ್ಕು ದಂತದ ಆನೆ,
ಮೇಲಿನ ದವಡೆಗೆ ಎರಡು, ಕೆಳಗಿನದಕ್ಕೆ ಎರಡು.
ಹುಡುಗಿಯರು ಮರಳನ್ನು ನೋಡುತ್ತಾರೆ, ಮೇಡಮ್ಮನ್ನು ನೋಡುತ್ತಾರೆ,
ಮತ್ತೆ ಮರಳನ್ನು.

ಚಳಿಗಾಲದಲ್ಲೊಮ್ಮೆ ಹೆಜ್ಜೆಗಳನ್ನು ತೋರಿಸಿದರು.
ಗಟ್ಟಿಯಾದ ಕೆಸರಿನ ಮೇಲೆ ಹಿಂಡು ಹೋದ ದಾರಿ,
ತಾಯಿ, ಚಿಕ್ಕಮ್ಮ, ಮರಿ, ಮರಿ.
ಅದನ್ನು ಅಡ್ಡ ದಾಟಿ ಹೋದದ್ದು ಒಂದೇ ಸಾಲು.
"ಒಂಟಿಸಲಗ" ಎಂದರು ಕನ್ನಡದಲ್ಲಿ, ನನಗೆ ಮಾತ್ರ.
"ಬ್ಯಾಚಲರ್ ರೂಮಿನವನು" ಎಂದೆ.
ಮೂರು ಮಕ್ಕಳ ತಂದೆ ನಾನು; ಹದಿನೇಳು ವರ್ಷದಿಂದ
ಮುಸಫ್ಫಾದ ಆರು ಮಂಚದ ಕೋಣೆಯಲ್ಲಿ ಬ್ಯಾಚಲರ್.
ಮೇಡಂ ನಗಲಿಲ್ಲ. ಟೇಪು ಬಿಚ್ಚಿ
ಅವನ ಹೆಜ್ಜೆಯಿಂದ ಹೆಜ್ಜೆಗೆ ಅಳೆದರು.

ರಂಜಾನಿನ ಒಂದು ಸಂಜೆ. ಹೊತ್ತಿಳಿಯಲು ಕಾಲು ಗಂಟೆ.
ಮೌಝಾಳ ಕುಂಚಕ್ಕೆ ಏನೋ ತಗುಲಿತು,
ಅಂಗೈಯಗಲ, ಕಂದು,
ಕಲ್ಲೂ ಆಗಬಹುದು, ಎಲುಬೂ ಆಗಬಹುದು.
ಕಂಡವರೇ ಪರೀಕ್ಷಿಸಬೇಕು, ಅದು ಮೇಡಂ ಕಟ್ಟಳೆ.
ಹುಡುಗಿ ತುಟಿಯವರೆಗೆ ತಂದು ನಿಂತಳು:
ಆನೆಯೆಲುಬು ನೆಕ್ಕಿದರೆ ಉಪವಾಸ ಮುರಿಯುತ್ತದೆಯೇ?
ಮುರಿಯುತ್ತದೆ ಎಂದಳು ಹಿಸ್ಸಾ.
ನುಂಗದಿದ್ದರೆ ಇಲ್ಲ ಎಂದ ಸುಡಾನಿನ ತಯ್ಯಿಬ.
ಅಜ್ಜನಿಗೆ ಫೋನು ಹೋಯಿತು. ಅಜ್ಜ ನಕ್ಕು,
"ಕೊಯ್ದವರು ಯಾರು, ಅದು ಮೊದಲು ಹೇಳು" ಅಂದರಂತೆ.

ಎಲ್ಲರೂ ಮೇಡಂ ಕಡೆ ತಿರುಗಿದರು: ನೀವೇ ನೋಡಿ.
ಹೊತ್ತು ಮುಳುಗಿದರೆ ಅವರು ಬಾಯಿಗೇನೂ ಹಾಕುವವರಲ್ಲ;
ಹೊತ್ತು ಮುಳುಗದೆ ನಾವು ಹಾಕುವವರಲ್ಲ.
ಒಂದೇ ಸೂರ್ಯನಿಗೆ ಎರಡು ಡ್ಯೂಟಿ.
ಆ ಕಾಲು ಗಂಟೆ ಅವರದ್ದೇ ಆಗಿತ್ತು.
"ಬೇಡ, ಕಾಯೋಣ" ಎಂದರು. "ಅದು ಕಾದಿಲ್ಲವೇ."

ಕಾದೆವು. ಬಿಸಿಲು ಸೋತಂತೆ ರುವೈಸಿನ ಕಡೆ
ಎಣ್ಣೆ ಕಾರ್ಖಾನೆಯ ಬೆಂಕಿ ಕಾಣತೊಡಗಿತು.
ಪಿಕಪ್ಪಿನ ಮರೆಯಲ್ಲಿ ಕೊನೆಯ ಚಪಾತಿ ಮುಗಿಸಿ
ಮೇಡಂ ಡಬ್ಬಿ ಮುಚ್ಚಿದ ಸದ್ದು.
ರೇಡಿಯೋದಲ್ಲಿ ಬಾಂಗು. ಖರ್ಜೂರ ಕೈಯಿಂದ ಕೈಗೆ.
ಮೌಝಾ ಆತುರದಲ್ಲಿ ಎಲುಬು ಎತ್ತಿದಳು.
"ಮೊದಲು ಬಾಯಿ ತೊಳಿ" ಎಂದರು ಮೇಡಂ,
"ಖರ್ಜೂರವೂ ಅಂಟುತ್ತದೆ."

ತೊಳೆದಳು. ಕಣ್ಣು ಮುಚ್ಚಿದಳು. ನಾಲಿಗೆಯಿಟ್ಟಳು.
ತೆಗೆಯಹೋದಳು.
ಬರಲಿಲ್ಲ.

ಎಲುಬಿಲ್ಲದ ನಾಲಿಗೆ ಎಂದು ಬೈಯುತ್ತಾರೆ ನಮ್ಮಲ್ಲಿ,
ಎತ್ತ ಬೇಕಾದರೂ ಹೊರಳುತ್ತದೆ ಎಂದು.
ಇಲ್ಲಿ ಅದು ಹೊರಳದೆ ನಿಂತಿತ್ತು,
ಹುಡುಗಿಯ ಕಣ್ಣು ಅಗಲವಾಗುತ್ತ, ಅಗಲವಾಗುತ್ತ.

ಗಾರೆ ಒಣಗಿ, ಹೇರುವಾಗ, ಕತ್ತಲಲ್ಲಿ
ಉದುರಿದ ಚೂರೊಂದನ್ನು ನಾನೂ ತಾಗಿಸಿದೆ.
ಉಪ್ಪು. ಅದರಡಿ ಕೆಸರಿನದೊಂದು ರುಚಿ.
ಮೇಡಂ ಕೈಗೆ ಕೊಟ್ಟೆ; ನಂಬರು ಬರೆದು ಪೊಟ್ಟಣ ಕಟ್ಟಿದರು,
ಚೂರು ಏಕೆ ಒದ್ದೆಯೆಂದು ಕೇಳಲಿಲ್ಲ.

ಮುಸಫ್ಫಾ ಮುಟ್ಟುವವರೆಗೂ, ಇನ್ನೂರು ಕಿಲೋಮೀಟರು,
ನಾಲಿಗೆ ಎಲ್ಲೋ ಸಿಕ್ಕಿಕೊಂಡಂತೆಯೇ ಇತ್ತು.
ಐಸಮ್ಮನ ಫೋನಿಗೂ ಬರೀ ಹ್ಞೂಂ ಎಂದೆ.